ನಾಲ್ಕನೆಯ ಬೋಲ್ಟು

ನನ್ನ ಅಣ್ಣನಿಗೆ ಬೋಲ್ಟು ಬಿಗಿ ಮಾಡುವುದೆಂದರೆ ಪ್ರಾಣ. ಸ್ಪ್ಯಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ ಮುಖ ಕೆಂಪಾಗುವ ತನಕ ಎಳೆಯುತ್ತಾನೆ. ಅವನು ಮುಟ್ಟಿದ ಮೇಲೆ ನಮ್ಮ ಮನೆಯ ನಲ್ಲಿಗಳಲ್ಲಿ ಅರ್ಧ ತೆರೆಯುವುದಿಲ್ಲ, ಇನ್ನರ್ಧ ನಿಲ್ಲುವುದಿಲ್ಲ. ಅಪ್ಪನ ಕಾಲದ ಟ್ರ್ಯಾಕ್ಟರನ್ನು ಮಾತ್ರ ಅವನು ಮಗುವಿನ ಹಾಗೆ ನೋಡಿಕೊಂಡ. ಅಂದರೆ ಎಲ್ಲಕ್ಕಿಂತ ಹೆಚ್ಚು ಬಿಗಿ ಮಾಡಿದ.

ಅದನ್ನು ಓಡಿಸುತ್ತಿದ್ದವರು ಅತ್ತಿಗೆ. ಹನ್ನೊಂದು ವರ್ಷದಿಂದ ಅವರೇ. ಬೆಳಿಗ್ಗೆ ಎಣ್ಣೆ ನೋಡಿ, ನೀರು ನೋಡಿ, ಸ್ಟೀರಿಂಗ್ ಬಾಕ್ಸನ್ನು ಹಿಡಿದಿರುವ ಬೋಲ್ಟುಗಳನ್ನು ಎಣಿಸಿ, "ನಾಲ್ಕೂ ಇದಾವೆ" ಎಂದು ಗಟ್ಟಿಯಾಗಿ ಹೇಳಿಯೇ ಹತ್ತುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ ಗೊತ್ತಿಲ್ಲ. ನಾವಂತೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಮೂರು ವಾರದ ಹಿಂದೆ ಕಾಲುವೆ ಏರಿಯ ತಿರುವಿನಲ್ಲಿ ಟ್ರ್ಯಾಕ್ಟರು ತಿರುಗಲಿಲ್ಲ. ಮುಂದಿನ ಒಂದು ಚಕ್ರ ನೀರಿನ ಮೇಲೆ ನೇತಾಡುತ್ತ ನಿಂತಿತು. ಅತ್ತಿಗೆಗೆ ಪೆಟ್ಟಾಗಲಿಲ್ಲ.

"ನಾನು ತಿರುಗಿಸಿದೆ, ಅದು ಬರಲಿಲ್ಲ," ಎಂದರು.

"ನೀನು ತಿರುಗಿಸಿದ್ದು ತಡವಾಯ್ತು," ಎಂದ ಅಣ್ಣ.

ನಲವತ್ತು ದಾಟಿದ ಮೇಲೆ ಕೈ ಮೊದಲಿನ ಹಾಗಿರುವುದಿಲ್ಲ ಎಂದು ಅಮ್ಮ ತೀರ್ಪು ಕೊಟ್ಟಳು. ನಾನು ಹೌದೆಂದು ತಲೆಯಾಡಿಸಿದೆ. ಅದು ಇನ್ನೂ ಕೆಟ್ಟದ್ದು. ಕೀಲಿ ಅಣ್ಣನ ಜೇಬು ಸೇರಿತು. ಅತ್ತಿಗೆ ಅಡುಗೆಮನೆಯಲ್ಲಿ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದರು.

ಅಣ್ಣ ಮಾತ್ರ ಏರಿಯ ಹತ್ತಿರ ಸುಳಿಯದೆ ಸುತ್ತುದಾರಿಯಲ್ಲೇ ಓಡಿಸುತ್ತಿದ್ದ. ಆ ಕಡೆ ಗಾಳಿ ಚೆನ್ನಾಗಿದೆಯಂತೆ.

ಕೊನೆಗೆ ಸ್ಟೀರಿಂಗ್ ಬಾಕ್ಸಿನ ಬುಡದಿಂದ ಎಣ್ಣೆ ಸೋರಿ ಅವನ ಪ್ಯಾಂಟು ಹಾಳಾದಾಗ ಟ್ರ್ಯಾಕ್ಟರು ಲೇತಿನವರ ಶೆಡ್ಡಿಗೆ ಹೋಯಿತು. ಏನು ಕೆಟ್ಟಿದೆಯೋ ನೋಡಬೇಕು ಎಂದು ಅತ್ತಿಗೆ ಹೊರಟರು. ಅವರ ಜೊತೆಗೆ ನಾನು.

"ಬಿಚ್ಚೋದೇನೂ ಬೇಡ, ಮೇಲಿಂದಲೇ ಏನಾದ್ರೂ ಮೆತ್ತಿಬಿಡಿ," ಎಂದ ಅಣ್ಣ.

ಲೇತಿನವರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಹಲ್ಲು ಕೀಳಿ, ಆದ್ರೆ ಬಾಯಿ ತೆಗೆಯಲ್ಲ ಅಂದಹಾಗಾಯ್ತು," ಎಂದು ಸ್ಪ್ಯಾನರ್ ಎತ್ತಿಕೊಂಡರು.

ಮೊದಲ ಬೋಲ್ಟು ಮರ್ಯಾದೆಯಿಂದ ಬಂತು. ಎರಡನೆಯದೂ ಮೂರನೆಯದೂ ಬೆರಳಲ್ಲೇ ಎದ್ದು ಬಂದವು. ಸಡಿಲ ಮುಚ್ಚಲು ಅವಕ್ಕೆ ಡಬ್ಬಿಯ ತಗಡು ಸುತ್ತಲಾಗಿತ್ತು. ಅವು ಕೂತಿದ್ದ ತೂತುಗಳಲ್ಲಿ ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ಡೇ ಇರಲಿಲ್ಲ, ಬಳೆಯ ಒಳಮೈಯಂತೆ ನುಣ್ಣಗಿತ್ತು. ನಾಲ್ಕನೆಯದಕ್ಕೆ ಸ್ಪ್ಯಾನರ್ ತಾಗಿಸುತ್ತಲೇ ಬೋಲ್ಟಿನ ತಲೆ ಮಾತ್ರ ಕಳಚಿ ಬಿತ್ತು. ಅಡಿಯಲ್ಲಿ ಅಂಟು, ಮೇಲೆ ಟ್ರ್ಯಾಕ್ಟರಿನದೇ ಬಣ್ಣ. ಬಣ್ಣ ಬಹಳ ಅಚ್ಚುಕಟ್ಟಾಗಿತ್ತು. ಬೋಲ್ಟಿನ ಉಳಿದ ಮೈ ಒಳಗೇ ಮುರಿದು ಕೂತಿತ್ತು.

ಲೇತಿನವರು ಆ ತಲೆಯನ್ನು ಒರೆಸಿ ಅತ್ತಿಗೆಯ ಅಂಗೈಯಲ್ಲಿಟ್ಟರು. "ಹಿಡಿದುಕೊಂಡಿದ್ದು ಒಂದೇ ಬೋಲ್ಟು ಅಮ್ಮಾ. ಸ್ಟೀರಿಂಗ್ ತಿರುಗಿಸಿದ್ರೆ ಚಕ್ರದ ಬದಲು ಬಾಕ್ಸೇ ಎದ್ದುಬಿಡುತ್ತೆ. ಯಾರು ಕೂತಿದ್ರೂ ಅಷ್ಟೇ."

ಅಣ್ಣ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

"ಯಾವಾಗ ಅಂಟಿಸಿದ್ರಿ?" ಅತ್ತಿಗೆ ಕೇಳಿದರು.

"ಕೊಯ್ಲಿಗೆ ಮುಂಚೆ. ಬಿಗಿ ಮಾಡ್ತಿದ್ದೆ, ಮುರೀತು. ನೀನು ದಿನಾ ಎಣಿಸ್ತೀಯಲ್ಲ, ಸುಮ್ನೆ ಗಾಬರಿ ಆಗ್ತೀಯ ಅಂತ..."

"ಗಾಬರಿ ಆಗಿದ್ರೆ ಏರಿ ಮೇಲೆ ಹೋಗ್ತಿರಲಿಲ್ಲ."

ಲೇತಿನವರು ಮುರಿದ ತುಂಡನ್ನು ಕೊರೆದು ತೆಗೆದರು. ಕೆಟ್ಟ ತೂತುಗಳನ್ನು ಕೊಂಚ ದೊಡ್ಡದು ಮಾಡಿ ಹೊಸ ಥ್ರೆಡ್ ಕೊಯ್ಯತೊಡಗಿದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅಣ್ಣನಿಗೆ ತಡೆಯಲಾಗಲಿಲ್ಲ. "ಹಿಂದೆ ಯಾಕೆ ಬರ್ತೀರಿ, ಮುಂದಕ್ಕೇ ಹಾಕಿ," ಎಂದ.

"ಹಿಂದೆ ಬಂದ್ರೇನೇ ಒಳಗಿನ ಚೂರು ಬಿಡೋದು," ಎಂದರು ಲೇತಿನವರು, ತಲೆ ಎತ್ತದೆ.

ಆ ಒಂದೊಂದು ತೂತಿಗೂ ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯೊಂದನ್ನು ತಿರುಗಿಸಿ ಇಳಿಸಿದರು. ಇನ್ನು ಅದೇ ಥ್ರೆಡ್ಡು. ಹೊಸ ಬೋಲ್ಟುಗಳನ್ನು ಕೂರಿಸಿದ ಮೇಲೆ, ಸಾಕಷ್ಟು ಬಿಗಿಯಾದಾಗ ಟಕ್ ಎನ್ನುವ ಉದ್ದ ಸ್ಪ್ಯಾನರನ್ನು ಗೋಡೆಯಿಂದ ಇಳಿಸಿದರು. ಅಣ್ಣ ಕೈ ಚಾಚಿದ. ಅವರು ಅದನ್ನು ಅತ್ತಿಗೆಗೆ ಕೊಟ್ಟರು.

ಅತ್ತಿಗೆ ನಾಲ್ಕನ್ನೂ ಬಿಗಿದರು. ನಾಲ್ಕು ಸಲ ಟಕ್ ಎಂದಿತು. ಕೈ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಅವರು ತಮ್ಮ ಕೈಗಳನ್ನೇ ನೋಡಿಕೊಂಡರು.

"ಮೂರು ವಾರದಿಂದ ನನ್ನ ಕೈನೇ ನಾನು ನಂಬ್ತಿರಲಿಲ್ಲ ಕಣ್ರೀ," ಎಂದರು. ನನಗೆ ಅಳು ಬಂತು.

ಅಣ್ಣ ಕೀಲಿ ಕೊಟ್ಟ. "ನಾನು ಹತ್ತಲಾ?" ಎಂದು ಕೇಳಿದ.

"ಬೇಡ. ನೀವು ನಡೀರಿ. ನಾನು ಬರೋ ಹೊತ್ತಿಗೆ ಅತ್ತೆಗೆ ಎಲ್ಲಾ ಹೇಳಿ ಮುಗಿಸಿರಬೇಕು."

ಶೆಡ್ಡಿನಿಂದ ಮನೆಗೆ ಎರಡು ಮೈಲಿ. ಅಣ್ಣ ಮೊದಲು ನಡೆದ, ಟ್ರ್ಯಾಕ್ಟರಿನ ಸದ್ದು ಕೇಳಿ ಓಡಿದ, ಮತ್ತೆ ಏದುಸಿರು ಬಿಡುತ್ತ ನಡೆದ. ನಾನು ಮಡ್‌ಗಾರ್ಡಿನ ಮೇಲೆ ಕೂತಿದ್ದೆ. ಅತ್ತಿಗೆ ಏರಿಯ ದಾರಿಯನ್ನೇ ಹಿಡಿದರು. ತಿರುವಿನಲ್ಲಿ ಚಕ್ರ ಹೇಳಿದ ಮಾತು ಕೇಳಿತು.

"ಅವತ್ತು ನಾನೂ ತಲೆಯಾಡಿಸಿದ್ದೆ ಅತ್ತಿಗೆ."

"ನೋಡಿದ್ದೆ," ಎಂದರು.

ತಿರುವು ದಾಟಿದರೆ ನೆಟ್ಟಗಿನ ದಾರಿ. ಅಣ್ಣ ಒಂದು ಕೂಗಳತೆ ಮುಂದಿದ್ದ. ಟ್ರ್ಯಾಕ್ಟರು ಮಾತ್ರ ಮೊದಲನೇ ಗೇರಿನಲ್ಲೇ ತೆವಳುತ್ತಿತ್ತು.

"ಗೇರ್ ಬದಲಾಯಿಸಿ ಅತ್ತಿಗೆ, ಹೀಗೇ ಹೋದ್ರೆ ಯಾವಾಗ ಮನೆ ಸೇರೋದು?"

"ಬದಲಾಯಿಸಿದ್ರೆ ನಾವೇ ಮೊದಲು ಸೇರ್ತೀವಿ," ಎಂದರು ಅತ್ತಿಗೆ. "ಅವರೇ ಹೇಳಲಿ."