ಹನ್ನೊಂದು ಯಂತ್ರಗಳು ಎದ್ದು ನಿಂತ ದಿನ

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಅವಳು ಸರ್ವರಮ್ಮ. ಇನ್ನೂರು ಹಾಸಿಗೆಗಳ ಆ ದೊಡ್ಡ ಕಟ್ಟಡದ ಕಂಪ್ಯೂಟರುಗಳ ಬೇರುಗಳೆಲ್ಲ ಇದ್ದದ್ದು ನೆಲಮಾಳಿಗೆಯ ಒಂದು ತಣ್ಣನೆಯ ಕೋಣೆಯಲ್ಲಿ, ಆ ಕೋಣೆಯ ಕೀಲಿ ಇದ್ದದ್ದು ಅವಳ ಸೊಂಟದಲ್ಲಿ. ಸರ್ವರ್ ನೋಡಿಕೊಳ್ಳುತ್ತಾಳೆ ಎಂದು ಯಾರೋ ಹೇಳಿದಾಗ ದೂರದ ನೆಂಟರೊಬ್ಬರು, "ಯಾವ ಹೋಟೆಲಲ್ಲಮ್ಮಾ?" ಎಂದು ಕೇಳಿದ್ದುಂಟು. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವಳ ಅತ್ತೆ.

ಅತ್ತೆಯೂ ಅದೇ ಆಸ್ಪತ್ರೆಯವರೇ. ಮೂವತ್ತೊಂದು ವರ್ಷ ದಾಖಲೆ ಕೋಣೆಯನ್ನು ಕಾಯ್ದು ನಿವೃತ್ತರಾದವರು. ಅವರ ಕಾಲದಲ್ಲಿ ಅವರು ಫೈಲಮ್ಮ. ಹದಿನೈದು ವರ್ಷದ ಹಿಂದೆ ಕಾಲು ಮುರಿದುಕೊಂಡವನ ಎಕ್ಸ್‌ರೇ ಬೇಕೆಂದರೂ ಕನ್ನಡಕ ಏರಿಸಿಕೊಂಡು ನೇರವಾಗಿ ಅದೇ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಿದ್ದರಂತೆ. ಕಾಗದಗಳೆಲ್ಲ ಕಂಪ್ಯೂಟರಿಗೆ ಹೋಗಿ ತಮ್ಮ ಕೋಣೆ ಖಾಲಿಯಾದ ಮೇಲೆ ಅವರಿಗೆ ಸೊಸೆಯ ಪೆಟ್ಟಿಗೆಗಳ ಮೇಲೆ ಒಂದು ಸಣ್ಣ ಮುನಿಸು ಉಳಿದುಕೊಂಡಿತ್ತು.

"ಅದೇನೇ ಅದು, ಇಲ್ಲದ ಮಷೀನು ಅಂತೀಯಲ್ಲ?" ಎಂದು ಒಮ್ಮೆ ಸೊಪ್ಪು ಬಿಡಿಸುತ್ತ ಕೇಳಿದ್ದರು.

"ವರ್ಚುವಲ್ ಮಷೀನು, ಅತ್ತೆ. ಒಂದೇ ದೊಡ್ಡ ಮನೆ ಅಂದ್ಕೊಳ್ಳಿ. ಒಳಗೆ ಹನ್ನೊಂದು ಸಂಸಾರ. ಒಬ್ಬೊಬ್ಬರಿಗೂ ಬೇರೆ ಒಲೆ, ಬೇರೆ ಬೀಗ. ಲ್ಯಾಬಿಂದು ಒಂದು, ಔಷಧಿ ಅಂಗಡೀದು ಒಂದು, ವಾರ್ಡುಗಳದ್ದು ಒಂದು, ಹೀಗೆ. ಸೂರು ಮಾತ್ರ ಒಂದೇ."

"ಸೂರು ಕುಸಿದ್ರೆ?"

"ಹನ್ನೊಂದೂ ಬೀದಿಗೆ. ಅದಕ್ಕೇ ದಿನಾ ರಾತ್ರಿ ಎಲ್ಲದರದ್ದೂ ನಕಲು ತೆಗೆದು ಪಕ್ಕದ ಕಟ್ಟಡದಲ್ಲಿ ಇಡೋದು. ಬ್ಯಾಕಪ್ಪು."

"ಇಡ್ತೀಯ, ಸರಿ. ತೆಗೆದು ನೋಡ್ತೀಯಾ?"

"ಇಲ್ಲ ಅತ್ತೆ, ನೋಡಿಲ್ಲ."

"ನಾನು ಪ್ರತಿ ಶನಿವಾರ ಮನಸ್ಸಿಗೆ ಬಂದ ಹತ್ತು ನಂಬರು ಬರೀತಿದ್ದೆ," ಎಂದರು ಅತ್ತೆ. "ಆ ಹತ್ತು ಫೈಲು ಅದರದರ ಜಾಗದಲ್ಲಿ ಇದೆಯಾ ಅಂತ ಹೋಗಿ ನೋಡ್ತಿದ್ದೆ. ಇಟ್ಟಿದೀನಿ ಅನ್ನೋದು ಯಾರಿಗೂ ಬೇಡ ಕಣೇ. ಕೇಳಿದಾಗ ಕೈಗೆ ಸಿಗಬೇಕು."

ಆ ಮಾತು ಅವಳ ಮನಸ್ಸಿಗೆ ನಾಟಿತು. ಮುಂದಿನ ತಿಂಗಳಿಂದಲೇ ಪ್ರತಿ ತಿಂಗಳ ಮೊದಲನೇ ಗುರುವಾರ ಊಟವಾದ ಮೇಲೆ ಒಂದು ಯಂತ್ರದ ನಕಲನ್ನು ತಂದು, ಮೂಲೆಯಲ್ಲಿದ್ದ ಹಳೆಯ ಸರ್ವರಿನಲ್ಲಿ ಎಬ್ಬಿಸಿ, ಒಳಹೊಕ್ಕು ನೋಡಿ, ಅಳಿಸಿಹಾಕುವುದನ್ನು ರೂಢಿ ಮಾಡಿಕೊಂಡಳು. ಆಡಳಿತಾಧಿಕಾರಿಗೆ ಇದೊಂದು ತಮಾಷೆ. "ಏನಮ್ಮಾ, ಬೆಂಕಿ ಎಲ್ಲೂ ಕಾಣ್ತಿಲ್ಲ, ನೀವು ಮಾತ್ರ ಬಾವಿ ತೋಡ್ತಾನೇ ಇದ್ದೀರಿ," ಎನ್ನುವರು. ಆ ಹಳೆಯ ಸರ್ವರನ್ನು ಗುಜರಿಗೆ ಹಾಕಲು ಅವರು ಎರಡು ಬಾರಿ ಟಿಪ್ಪಣಿ ಬರೆದಿದ್ದರು. ಎರಡು ಬಾರಿಯೂ ಅವಳು ಸಹಿ ಹಾಕಿರಲಿಲ್ಲ.

ಬೆಂಕಿ ಬಿದ್ದದ್ದು ಮೂರನೇ ವರ್ಷದ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತೆರಡಕ್ಕೆ.

ಸರ್ವರಿನ ಡಿಸ್ಕುಗಳಲ್ಲಿ ಒಂದು ಅಂದು ಬೆಳಗಿನ ಜಾವವೇ ಸತ್ತಿತ್ತು. ಎಂಟಕ್ಕೆ ಬಂದವಳೇ ಹೊಸದನ್ನು ಹಾಕಿದ್ದಳು. ಅದರಲ್ಲಿ ಮಾಹಿತಿ ತುಂಬಿಕೊಳ್ಳುತ್ತಿರುವಾಗಲೇ ಇನ್ನೆರಡು ಒಂದರ ಹಿಂದೊಂದು ಕಣ್ಣು ಮುಚ್ಚಿದವು. ಒಂದು ಹೋದರೆ ತಡೆದುಕೊಳ್ಳುವ ಏರ್ಪಾಡು ಅದು, ಮೂರು ಹೋದರಲ್ಲ. ಹಸಿರು ದೀಪಗಳ ಸಾಲು ನೋಡನೋಡುತ್ತಿದ್ದಂತೆ ಕೇಸರಿಯಾಯಿತು. ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಲ್ಯಾಬಿನ ಪರದೆ ಖಾಲಿ, ಔಷಧಿ ಅಂಗಡಿಯದು ಖಾಲಿ, ಹೆಸರು ನೋಂದಾಯಿಸುವ ಕೌಂಟರಿನ ನಾಲ್ಕೂ ಪರದೆಗಳು ಖಾಲಿ.

ಹತ್ತು ನಿಮಿಷದಲ್ಲಿ ಆಸ್ಪತ್ರೆಯ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುವವರು, ಮೆಟ್ಟಿಲಿಳಿದು ಬಂದರು. ಹಿಂದೆಯೇ ಆಡಳಿತಾಧಿಕಾರಿ. ಅವಳು ಸರ್ವರ್ ಕೊಟ್ಟ ಕಂಪನಿಯ ಇಂಜಿನಿಯರಿಗೆ ಫೋನು ಮಾಡಿ, ಮೂವರಿಗೂ ಕೇಳುವಂತೆ ಇಟ್ಟಿದ್ದಳು.

"ನಾಳಿದ್ದು ನಮ್ಮವರು ಬರ್ತಾರೆ ಮೇಡಂ. ಅಲ್ಲೀವರೆಗೂ ಏನನ್ನೂ ಮುಟ್ಟಬೇಡಿ," ಎಂದಿತು ಆ ದನಿ.

"ನಾಳಿದ್ದಾ?" ದೊಡ್ಡ ಡಾಕ್ಟ್ರು ಫೋನಿನ ಕಡೆ ಬಗ್ಗಿದರು. "ಥಿಯೇಟರಲ್ಲಿ ಮೂರು ಆಪರೇಷನ್ ಕಾಯ್ತಿವೆ. ನಿನ್ನೆ ಮಾಡಿಸಿದ ರಕ್ತ ಪರೀಕ್ಷೆಯ ರಿಪೋರ್ಟೆಲ್ಲ ಅದರೊಳಗಿದೆ."

ಅವಳು ಮೂಲೆಯ ಕಡೆ ಕೈ ತೋರಿಸಿದಳು. "ಸತ್ತ ಡಿಸ್ಕುಗಳನ್ನ ನಾನು ಮುಟ್ಟಲ್ಲ ಸಾರ್, ಅವು ಹಾಗೇ ಇರಲಿ. ಈ ಹಳೇ ಸರ್ವರ್ ಇದೆಯಲ್ಲ, ಇದರಲ್ಲಿ ಬ್ಯಾಕಪ್ಪಿಂದ ಎಬ್ಬಿಸ್ತೀನಿ."

"ಆಗುತ್ತಾ?"

"ಹನ್ನೊಂದನ್ನೂ ಒಂದಲ್ಲ ಒಂದು ಗುರುವಾರ ಎಬ್ಬಿಸಿ ನೋಡಿದೀನಿ ಸಾರ್. ಒಂದೇ ದಿನ ಎಲ್ಲದನ್ನೂ ಎಬ್ಬಿಸಿಲ್ಲ, ಅಷ್ಟೇ."

ಆಡಳಿತಾಧಿಕಾರಿ ಹಳೆಯ ಸರ್ವರಿನ ಕಡೆ ನೋಡಿ ಬೇರೆ ಕಡೆ ಮುಖ ತಿರುಗಿಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಮೊದಲು ಕಚೇರಿ ಮಷೀನು ಎಬ್ಬಿಸಿಬಿಡಿ, ಪತ್ರಗಳೆಲ್ಲ ನಿಂತುಹೋಗಿವೆ," ಎಂದರು.

ಅವಳು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿದಳು. ತನ್ನದೇ ಕೈಬರಹದ ಪಟ್ಟಿ. "ಮೊದಲು ಎಲ್ಲರ ಪಾಸ್‌ವರ್ಡು ನೋಡಿ ಒಳಗೆ ಬಿಡೋ ಮಷೀನು. ಅದಿಲ್ಲದೆ ಯಾರಿಗೂ ಬಾಗಿಲು ತೆಗೆಯಲ್ಲ. ಎರಡನೇದು ಡೇಟಾಬೇಸು. ಆಮೇಲೆ ಲ್ಯಾಬು, ಔಷಧಿ, ವಾರ್ಡು. ನಿಮ್ದು ಒಂಬತ್ತನೇದು ಸಾರ್."

"ಒಂಬತ್ತಾ!"

"ಅವರು ಹೇಳಿದ ಹಾಗೇ ಆಗಲಿ," ಎಂದರು ದೊಡ್ಡ ಡಾಕ್ಟ್ರು. "ನಾವಿಬ್ರೂ ಮೇಲೆ ಹೋಗೋಣ ಬನ್ನಿ. ಇಲ್ಲಿದ್ದು ಗಾಳಿ ಬಿಸಿ ಮಾಡೋದು ಬೇಡ."

ಮೊದಲ ಯಂತ್ರ ಏಳು ನಿಮಿಷಕ್ಕೆ ಎದ್ದಿತು. ಡೇಟಾಬೇಸು ಭಾರಿ ಗಾತ್ರದ್ದು, ಒಂದು ಗಂಟೆ ಬೇಡುತ್ತಿತ್ತು. ಪರದೆಯ ಮೇಲಿನ ಶೇಕಡಾ ಅಂಕಿ ತುಂಬು ಬಸುರಿಯ ಹೆಜ್ಜೆಯಲ್ಲಿ ಮುಂದೆ ಹೋಗುತ್ತಿರುವಾಗ, ಮೇಲಿನವರಿಗೆ ಒಂದು ಮಾತು ಹೇಳಿಬರೋಣವೆಂದು ಅವಳು ಮೆಟ್ಟಿಲು ಹತ್ತಿದಳು. ಕೌಂಟರಿನ ಮುಂದೆ ಜಗಳ ಹೊತ್ತಿಕೊಂಡಿರುತ್ತದೆ ಎಂದೇ ಎಣಿಸಿದ್ದಳು.

ಜಗಳವಿರಲಿಲ್ಲ. ನೇರವಾದ ಎರಡು ಸಾಲು. ಕೌಂಟರಿನ ಒಳಗೆ, ನಡುವಿನ ಕುರ್ಚಿಯಲ್ಲಿ, ಮಂಡಿನೋವಿಗೆ ತೋರಿಸಿಕೊಳ್ಳಲು ಬಂದಿದ್ದ ಅವಳ ಅತ್ತೆ ಕನ್ನಡಕ ಏರಿಸಿಕೊಂಡು ಕೂತಿದ್ದರು. ಮುಂದೆ ಬಿಳಿ ಹಾಳೆಯ ಕಟ್ಟು, ಒಂದು ಗಡಿಯಾರ, ಎರಡು ಬಣ್ಣದ ಪೆನ್ನು.

"ಹೆಸರು, ವಯಸ್ಸು, ಯಾವ ಡಾಕ್ಟ್ರು, ಬಂದ ಹೊತ್ತು. ನಾಲ್ಕೇ ನಾಲ್ಕು," ಎಂದು ಅವರು ಪಕ್ಕದ ಗುಮಾಸ್ತೆಯರಿಗೆ ಹೇಳುತ್ತಿದ್ದರು. "ಒಂದರಿಂದ ಶುರುಮಾಡಿ ನಂಬರು ಹಾಕಿ. ನಂಬರು ಬಿಟ್ಟುಹೋಗಬಾರದು, ಎರಡು ಸಲ ಬರಬಾರದು. ಒಂದು ಚೀಟಿ ರೋಗಿಗೆ, ಅದರದೇ ಪ್ರತಿ ಈ ಡಬ್ಬಿಗೆ." ಸೊಸೆಯನ್ನು ಕಂಡು ತಲೆ ಎತ್ತಿದರು. "ಇವರಿಗೆ ಪೆನ್ನು ಹಿಡಿಯೋದೇ ಮರೆತುಹೋಗಿತ್ತು ಕಣೇ. ಸುಮ್ಮನೆ ನೋಡ್ತಾ ಕೂರೋಕೆ ನನ್ನಿಂದ ಆಗಲಿಲ್ಲ. ನಿಂದೇನಾಯ್ತು?"

"ಒಂದು ಎದ್ದಿದೆ ಅತ್ತೆ. ಇನ್ನು ಹತ್ತು. ಹತ್ತು ಗಂಟೆಯಿಂದೀಚೆಗೆ ಬಂದವರದ್ದು ಮಾತ್ರ ಸಿಗಲ್ಲ."

"ಹಾಗಾದ್ರೆ ಇಲ್ಯಾಕೆ ನಿಂತಿದೀಯ? ಹೋಗು, ಹೋಗು."

ಹನ್ನೆರಡಕ್ಕೆ ಡೇಟಾಬೇಸು ಎದ್ದಿತು. ಅದಕ್ಕೆ ಮಾತ್ರ ರಾತ್ರಿಯ ನಕಲಿನ ಜೊತೆಗೆ ಗಂಟೆಗಂಟೆಯ ನಕಲೂ ಇತ್ತು. ಆದ್ದರಿಂದ ಬೆಳಿಗ್ಗೆ ಹತ್ತು ಗಂಟೆಯವರೆಗಿನ ಪ್ರತಿಯೊಂದು ಅಂಕಿಯೂ ಮರಳಿತು. ಅವಳು ಒಂದು ಲೋಟ ನೀರು ಕುಡಿದು ಲ್ಯಾಬಿನ ಯಂತ್ರಕ್ಕೆ ಕೈಹಾಕಿದಳು.

ಶೇಕಡಾ ಎಪ್ಪತ್ತೊಂದಕ್ಕೆ ಬಂದು ಅದು ನಿಂತುಬಿಟ್ಟಿತು. ಆಮೇಲೆ ಒಂದು ಕೆಂಪು ಸಾಲು: ನಿನ್ನೆ ರಾತ್ರಿಯ ನಕಲು ಕೆಟ್ಟಿದೆ, ಓದಲಾಗದು.

ಅವಳು ಮತ್ತೊಮ್ಮೆ ಪ್ರಯತ್ನಿಸಿದಳು. ಮತ್ತೆ ಎಪ್ಪತ್ತೊಂದು, ಮತ್ತೆ ಕೆಂಪು. ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥೆ ಖುದ್ದಾಗಿ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತಿದ್ದರು. "ಸರ್ವರಮ್ಮಾ, ಮೊದಲನೇ ಆಪರೇಷನ್ನಿನವರದ್ದು ಗಡ್ಡೆ. ರಕ್ತ ಹೆಪ್ಪುಗಟ್ಟೋ ರಿಪೋರ್ಟ್ ನೋಡದೆ ಮುಟ್ಟಲ್ಲ ಅಂತಿದಾರೆ ಸರ್ಜನ್ನು. ಮತ್ತೆ ರಕ್ತ ತೆಗೆಯೋದಾ ಹೇಳಿ."

"ಐದು ನಿಮಿಷ ಕೊಡಿ ಮೇಡಂ."

ಅವಳು ಕುರ್ಚಿಗೊರಗಿ ಪರದೆಯನ್ನು ಬಿಟ್ಟು ಗೋಡೆಯನ್ನು ನೋಡಿದಳು. ಮೊನ್ನೆ ರಾತ್ರಿಯ ನಕಲು ಇದೆ. ಅದನ್ನು ತಂದರೆ ನಿನ್ನೆಯ ರಿಪೋರ್ಟುಗಳು? ಆಗ ಹೊಳೆಯಿತು. ಲ್ಯಾಬಿನ ಯಂತ್ರದಲ್ಲಿ ಇರುವುದು ಕೆಲಸ ಮಾಡುವ ಪ್ರೋಗ್ರಾಮು ಮಾತ್ರ. ಅಂಕಿಗಳು ಇರುವುದು ಡೇಟಾಬೇಸಿನಲ್ಲಿ, ಅದು ಆಗಲೇ ಎದ್ದು ಕೂತಿದೆ. ಎಂಟು ತಿಂಗಳ ಹಿಂದಿನ ಗುರುವಾರ ಇದೇ ಯಂತ್ರವನ್ನು ಎಬ್ಬಿಸಿದಾಗ ಒಳಗೆ ಒಂದೇ ಒಂದು ರಿಪೋರ್ಟೂ ಕಾಣದೆ ಗಾಬರಿಯಾಗಿ, ಕಾರಣ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಹಾಳೆ ತಿರುವಿದಳು. ಅಲ್ಲೇ ಇತ್ತು.

ಮೊನ್ನೆಯ ನಕಲನ್ನು ಆರಿಸಿದಳು. ಅರವತ್ತು, ಎಪ್ಪತ್ತು, ಎಪ್ಪತ್ತೊಂದು, ಎಪ್ಪತ್ತೆರಡು. ನೂರು. ಯಂತ್ರ ಎದ್ದಿತು, ಡೇಟಾಬೇಸನ್ನು ಕಂಡುಕೊಂಡಿತು.

"ಮೇಡಂ, ನೀವೇ ಒಳಗೆ ಹೋಗಿ ನೋಡಿ."

ಮುಖ್ಯಸ್ಥೆ ಬಗ್ಗಿ ತಮ್ಮ ಪಾಸ್‌ವರ್ಡು ಒತ್ತಿದರು. ರೋಗಿಯ ನಂಬರು ಹಾಕಿದರು. ನಿನ್ನೆ ಮಧ್ಯಾಹ್ನ ಮೂರು ಹತ್ತರ ರಿಪೋರ್ಟು ಪರದೆಯ ಮೇಲೆ ತೆರೆಯಿತು, ಕೊನೆಯಲ್ಲಿ ಅವರದೇ ಸಹಿ. ಅವರು ಅವಳ ಭುಜವನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಫೋನಿಗೆ ಕೈಚಾಚಿದರು. "ಥಿಯೇಟರಾ? ಬರ್ಕೊಳ್ಳಿ."

ಅಲ್ಲಿಂದ ಮುಂದೆ ಕೆಲಸ ಇಳಿಜಾರಿನಲ್ಲಿ ಬಂಡಿ ಬಿಟ್ಟಂತೆ ಓಡಿತು. ಔಷಧಿ ಅಂಗಡಿ ಒಂದೂಕಾಲಿಗೆ, ವಾರ್ಡುಗಳು ಎರಡಕ್ಕೆ. ಹಳೆಯ ಸರ್ವರು ಏದುಸಿರು ಬಿಡುವ ಎತ್ತಿನ ಹಾಗೆ ಸದ್ದು ಮಾಡಿದರೂ ಹೆಗಲು ಕೊಡವಲಿಲ್ಲ. ಒಂಬತ್ತನೆಯದು ಎದ್ದಾಗ ಆಡಳಿತಾಧಿಕಾರಿ ತಾವೇ ಟೀ ಹಿಡಿದು ಬಂದರು.

"ಆ ಗುಜರಿ ಟಿಪ್ಪಣಿ ಹರಿದುಹಾಕ್ತೀನಿ," ಎಂದರು, ಲೋಟ ಇಡುತ್ತ. "ನಿಮ್ಮ ಬಾವೀಲಿ ನೀರಿತ್ತು ಬಿಡಿ."

"ಟಿಪ್ಪಣಿ ಹರೀಬೇಡಿ ಸಾರ್. ಇಂಥದ್ದು ಇನ್ನೊಂದು ಬೇಕು ಅಂತ ತಿದ್ದಿ ಕಳಿಸಿ," ಎಂದಳು ಅವಳು. ಅವರು ನಕ್ಕರು, ಆದರೆ ಹೂಂಗುಟ್ಟಿದರು.

ನಾಲ್ಕೂವರೆಗೆ ಹನ್ನೊಂದನೆಯದೂ ಎದ್ದು ನಿಂತಿತು. ಉಳಿದದ್ದು ಒಂದೇ: ಹತ್ತರಿಂದ ಹತ್ತು ಇಪ್ಪತ್ತೆರಡರವರೆಗಿನ ತೂತು, ಮತ್ತು ಆಮೇಲೆ ಕಾಗದದ ಮೇಲೆ ಕಳೆದ ಹೊತ್ತು. ಆ ಇಪ್ಪತ್ತೆರಡು ನಿಮಿಷದಲ್ಲಿ ಬಂದವರನ್ನು ಅತ್ತೆ ಆಗಲೇ ಸಾಲಿನಲ್ಲಿ ಕೂಗಿ ಕರೆದು ಬರೆಸಿಕೊಂಡಿದ್ದರು. ಗುಮಾಸ್ತೆಯರು ಡಬ್ಬಿಯಲ್ಲಿದ್ದ ಇನ್ನೂರ ಹದಿನಾಲ್ಕು ಚೀಟಿಗಳನ್ನು ನಂಬರಿನ ಪ್ರಕಾರ ಓದಿ ಓದಿ ಕಂಪ್ಯೂಟರಿಗೆ ಏರಿಸಿದರು. ಒಂದೂ ತಪ್ಪಿಹೋಗಿರಲಿಲ್ಲ. ಅವಳು ಆ ಚೀಟಿಗಳ ದುಂಡು ಅಕ್ಷರವನ್ನು ನೋಡುತ್ತ ನಿಂತಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆಯ ಕೆಲಸದ ಬೆಲೆ ಅವಳಿಗೆ ಪೂರ್ತಿ ತಿಳಿದದ್ದು ಅಂದೇ ಮೊದಲು. ಎದೆ ತುಂಬಿ ಬಂತು.

ಮಂಡಿ ಡಾಕ್ಟ್ರು ಹೊರಟುಹೋಗಿದ್ದರು. "ನನ್ನ ಮಂಡಿ ಎಲ್ಲಿ ಓಡಿಹೋಗುತ್ತೆ, ನಾಳೆ ಬಂದರಾಯ್ತು," ಎಂದು ಅತ್ತೆ ಚೀಲ ಎತ್ತಿಕೊಂಡರು. ಇಬ್ಬರೂ ಮುಂಬಾಗಿಲಿಗೆ ಬಂದಾಗ ದೊಡ್ಡ ಡಾಕ್ಟ್ರು ಎದುರಾದರು. ಆಪರೇಷನ್ನು ಮೂರೂ ಚೆನ್ನಾಗಿ ಆಯಿತೆಂದು ಹೇಳಿ, ಅತ್ತೆಗೆ ಕೈಮುಗಿದರು. ಅವರು ಈ ಆಸ್ಪತ್ರೆಗೆ ಬಂದು ಎರಡೇ ವರ್ಷ, ಫೈಲಮ್ಮನ ಕಾಲ ಕಂಡವರಲ್ಲ.

"ಅಮ್ಮಾ, ಇವತ್ತು ನೀವಿಬ್ಬರೂ ಇಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತೋ. ಇವರು ನಿಮ್ಮ ಮಗಳಾ?"

"ಸೊಸೆ," ಎಂದರು ಅತ್ತೆ, ಕನ್ನಡಕವನ್ನು ಹಣೆಗೆ ಏರಿಸಿ. "ಮಕ್ಕಳು ಹೆಂಗೆ ಬರ್ತಾವೋ ಹಂಗೆ ತಗೋಬೇಕು ಡಾಕ್ಟ್ರೇ. ಇವಳನ್ನ ಮಾತ್ರ ನಾನೇ ನೋಡಿ ಆರಿಸಿದ್ದು. ದಾಖಲೆ ಕೋಣೆಗೆ ಕಂಪ್ಯೂಟರ್ ಕಲಿಸೋಕೆ ಬಂದಿದ್ಲು. ತೆಗೆದ ಫೈಲನ್ನ ತೆಗೆದ ಜಾಗಕ್ಕೇ ಇಟ್ಟವಳು ಇವಳೊಬ್ಬಳೇ. ಅವತ್ತೇ ಮನೆಗೆ ಹೋಗಿ ಮಗನಿಗೆ ಹೇಳಿದೆ."

ಈ ಕಥೆ ಅವಳಿಗೇ ಗೊತ್ತಿರಲಿಲ್ಲ. ಮದುವೆಯಾದ ಹನ್ನೆರಡು ವರ್ಷದಲ್ಲಿ ಅತ್ತೆ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಅವಳು ತಲೆ ತಗ್ಗಿಸಿ ನಕ್ಕಳು, ಆಮೇಲೆ ತಲೆ ಎತ್ತಿಯೇ ನಡೆದಳು. ರಸ್ತೆಯಲ್ಲಿ ಇನ್ನೂ ಬಿಸಿಲಿತ್ತು. ಮಂಡಿನೋವಿನ ಕಾಲಿಗೆ ಆಸರೆಯಾಗಲೆಂದು ಕೈ ಕೊಟ್ಟಳು. ಅತ್ತೆ ಬೇಡವೆನ್ನದೆ ಹಿಡಿದುಕೊಂಡರು, ಬಸ್ಸು ಬರುವವರೆಗೂ ಬಿಡಲಿಲ್ಲ.