ಎಡಗಡೆ ತೊಟ್ಟಿಯ ಮೀನುಗಳು

ಪುಟ್ಟೇನಹಳ್ಳಿಯ ಸರ್ವಮಂಗಳಮ್ಮನ ಮನೆಯಲ್ಲಿ ಮೊಟ್ಟೆ ಎಂಬ ಮಾತು ಆಡಿದರೂ ಬಾಯಿ ಮುಕ್ಕಳಿಸಬೇಕಿತ್ತು ಎಂದರೆ ಸ್ವಲ್ಪ ಹೆಚ್ಚಾದೀತು, ಆದರೆ ಸ್ವಲ್ಪವೇ. ಅಂಥ ಮನೆಯ ತಾರಸಿಯ ಮೇಲೆ ಎರಡು ತೊಟ್ಟಿ ತುಂಬ ಕಾಟ್ಲಾ ಮೀನು ಈಜುತ್ತಿದ್ದವು. ಮಹಡಿ ಕೋಣೆಗೆ ಬಾಡಿಗೆಗೆ ಬಂದಿದ್ದ ಸುಧಾಮಣಿ ಬಿಳೇಕಹಳ್ಳಿಯ ಹಳೇ ಒಕ್ಕಲು ಮನೆಯ ಹುಡುಗಿ, ಮೀನಿನ ಓದು ಓದಿದವಳು. ನುಗ್ಗೆಸೊಪ್ಪು, ಅಕ್ಕಿ ತೌಡು ಕಲಸಿ ಮೀನು ಸಾಕುವ ರೈತರಿಗೆ ಅಗ್ಗದ ಮೀನುತಿಂಡಿ ಮಾಡಿಕೊಡಬೇಕು ಎಂಬುದು ಅವಳ ಸಂಶೋಧನೆ. ಅದಕ್ಕೆ ಸರ್ಕಾರ ಒಂದು ವರ್ಷದ ಹಣ ಕೊಟ್ಟಿತ್ತು. ಒಂದು ಮೀನೂ ಒಲೆಯ ಮುಖ ನೋಡಬಾರದು ಎಂಬ ಷರತ್ತಿನ ಮೇಲೆ ಸರ್ವಮಂಗಳಮ್ಮ ತಾರಸಿ ಬಿಟ್ಟುಕೊಟ್ಟಿದ್ದರು.

ಆವತ್ತು ಬೆಳಿಗ್ಗೆ ಸುಧಾಮಣಿ ಹತ್ತಿ ಇಳಿದು, ಹತ್ತಿ ಇಳಿದು, ಮೆಟ್ಟಿಲುಗಳೇ ಸವೆದು ಜಾರುಬಂಡೆಯಾಗಿದ್ದವು.

"ಇವತ್ತು ಮೀನುಗಾರಿಕೆ ಆಫೀಸಿಂದ ಬರ್ತಾರೆ ಆಂಟಿ, ಮೀನು ತೂಕ ಹಾಕೋಕೆ. ಬಲಗಡೆ ತೊಟ್ಟಿಗೆ ಅಂಗಡಿ ತಿಂಡಿ, ಎಡಗಡೆಗೆ ನಾನು ಮಾಡಿದ್ದು ಮಾತ್ರ. ಎಡಗಡೆದು ನೋಡಿದ್ರಾ, ಹೆಂಗೆ ಉಬ್ಬಿದಾವೆ? ಸಾಹೇಬ್ರು ಒಪ್ಕೊಂಡ್ರೆ ಎರಡನೇ ವರ್ಷದ ಗ್ರಾಂಟ್ ಬರುತ್ತೆ. ಇಲ್ಲಾಂದ್ರೆ ತೊಟ್ಟಿ ಬೋರಲು ಹಾಕ್ಬಿಟ್ಟು ಮನೇಗೆ ಹೋಗೋದೇ."

"ಮಾತ್ರ ಅಂದ್ರೆ?" ಎಂದರು ಮೆಟ್ಟಿಲಲ್ಲಿ ಎದುರಾದ ಸರ್ವಮಂಗಳಮ್ಮ.

"ಮಾತ್ರ ಅಂದ್ರೆ ಮಾತ್ರ. ಬೇರೆ ಒಂದು ಕಾಳೂ ಅವುಗಳ ಬಾಯಿಗೆ ಹೋಗಿಲ್ಲ."

ಸರ್ವಮಂಗಳಮ್ಮನ ಎದೆ ಡವಗುಟ್ಟಿದ್ದು ಜೆ.ಪಿ. ನಗರದ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಕೇಳಿಸಿರಬೇಕು. ಹಿಂದೆ ಶೃಂಗೇರಿಗೆ ಹೋದಾಗ ಹೊಳೆಯ ಮೀನಿಗೆ ಪುರಿ ಹಾಕಿ ಪುಣ್ಯ ಕಟ್ಟಿಕೊಂಡು ಬಂದವರು ಅವರು. ಪುಣ್ಯವೇ ತಾರಸಿಗೆ ಬಂದು ಈಜುತ್ತಿರುವಾಗ ಬಿಡುವುದುಂಟೆ? ದಿನಾ ಲಿಂಗಪೂಜೆ ಮುಗಿಸಿ, ಸುಧಾಮಣಿ ಏಳುವ ಮುಂಚೆಯೇ ಹೋಗಿ ಎಡಗಡೆ ತೊಟ್ಟಿಗೆ ಬೊಗಸೆ ತುಂಬ ಪುರಿ ಹಾಕುತ್ತಿದ್ದರು. ಹಬ್ಬದ ದಿನ ಹುರಿಗಡಲೆಯೂ ಸೇರುತ್ತಿತ್ತು. ಬಲಗಡೆ ತೊಟ್ಟಿಯ ತನಕ ನಡೆಯಲು ಮಂಡಿ ಒಪ್ಪುತ್ತಿರಲಿಲ್ಲ.

ಕೆಳಗೆ ಬಂದು ಗಂಡ ಗುರುಬಸಪ್ಪನವರಿಗೆ ಪಿಸುಗುಟ್ಟಿದರು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಓ, ಪುರಿ ಡಬ್ಬ ಅದಕ್ಕೇ ಖಾಲಿ ಆಗ್ತಿತ್ತಾ. ನೀನೇ ಕದ್ದು ತಿಂತಿದೀಯ ಅನ್ಕೊಂಡಿದ್ದೆ."

"ತಮಾಷೆ ಬೇಡ ರೀ. ಆ ಹುಡುಗಿ ಹೊಟ್ಟೆ ಮೇಲೆ ಹೊಡ್ದಂಗಾಯ್ತಲ್ಲ."

"ಸುಮ್ನಿದ್ಬಿಡು. ಮೀನೇನು ಸಾಕ್ಷಿ ಹೇಳಕ್ಕೆ ಬರ್ತಾವಾ?"

ಅಧಿಕಾರಿ ಶಶಿಕಾಂತ್ ತಕ್ಕಡಿ ಹಿಡಿದು ಬಂದರು. ಗುರುಬಸಪ್ಪನವರು ಆಗಲೇ ಪದ್ಮನಾಭನಗರದಲ್ಲಿ ಏನೋ ಕೆಲಸ ನೆನಪಾಗಿ ಚಪ್ಪಲಿ ಮೆಟ್ಟಿದ್ದರು. ಹಾಗಾಗಿ ಕಾಫಿ ಹಿಡಿದು ಸರ್ವಮಂಗಳಮ್ಮನೇ ಹತ್ತಬೇಕಾಯಿತು.

ತಾರಸಿಗೆ ಕಾಲಿಟ್ಟು ಬಳೆ ಸದ್ದಾಯಿತೋ ಇಲ್ಲವೋ, ಎಡಗಡೆ ತೊಟ್ಟಿಯ ನೀರು ಕುದಿದಂತೆ ಎದ್ದಿತು. ಒಂದೊಂದೂ ಎಮ್ಮೆಕರುವಿನ ಹಾಗೆ ಬೆಳೆದ ಮೀನುಗಳು ಒಂದರ ಮೇಲೊಂದು ಬಿದ್ದು ಅವರತ್ತ ನುಗ್ಗಿ, ಬಾಯಿ ಕಳೆದು ನಿಂತವು. ಬಲಗಡೆ ತೊಟ್ಟಿಯಲ್ಲಿ ಒಂದು ಬಾಲವೂ ಅಲ್ಲಾಡಲಿಲ್ಲ.

"ಏನಮ್ಮ, ನಿಮ್ಮನ್ನ ನೋಡಿದ್ರೆ ಇವು ಹಿಂಗಾಡ್ತಾವಲ್ಲ?" ಎಂದರು ಶಶಿಕಾಂತ್.

"ಆಂಟಿ ಆಗಾಗ ಬಂದು ನೋಡ್ಕೊಂಡು ಹೋಗ್ತಾರೆ ಸಾರ್, ಪರಿಚಯ," ಎಂದು ಸುಧಾಮಣಿ ನಕ್ಕಳು.

ಅವರೂ ನಕ್ಕು, ಎರಡೂ ತೊಟ್ಟಿಯ ಮೀನು ತೂಗಿ, ತೂಕ ಬರೆದುಕೊಳ್ಳಲು ಪೆನ್ನು ತೆಗೆದರು. ಸರ್ವಮಂಗಳಮ್ಮ ಬಾಯಿ ಬಿಗಿದು ನಿಂತರು. ಪೆನ್ನು ಕಾಗದ ಮುಟ್ಟಿದರೆ ಮುಗಿಯಿತು, ಹುಡುಗಿ ಬದುಕಿದಳು. ಅವರ ಬಾಯಿ ಮಾತ್ರ ಕೇಳಲಿಲ್ಲ.

"ಸಾರ್, ಬರೀಬೇಡಿ. ನಾನು ಇವಕ್ಕೆ ಪುರಿ ಹಾಕಿದೀನಿ."

"ಯಾವತ್ತು?"

"ದಿನಾ."

ಶಶಿಕಾಂತ್ ಪೆನ್ನು ಮುಚ್ಚಿ ಸುಧಾಮಣಿಯತ್ತ ತಿರುಗಿದರು.

"ಹಂಗಾದ್ರೆ ಈ ತೂಕ ನಡೆಯಲ್ಲ ಮೇಡಂ. ಎರಡೂ ತೊಟ್ಟಿಗೆ ಹೊಸ ಮರಿ ಬಿಟ್ಟು ಮೊದಲಿಂದ ಶುರು ಮಾಡಿ. ಅಲ್ಲಿವರೆಗೂ ಗ್ರಾಂಟ್ ತಡೆಹಿಡೀಬೇಕಾಗುತ್ತೆ. ಆಮೇಲೆ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಮೇಲಿನವರು ಕೇಳ್ತಾರೆ."

ಅವರು ಕಾಫಿ ಕುಡಿದು ಇಳಿದುಹೋದರು. ಸುಧಾಮಣಿಯ ಲೋಟ ಹಾಗೇ ಇತ್ತು. ಅವಳು ತೊಟ್ಟಿಯ ಪಕ್ಕ ಕೂತು ಕೇಳಿದಳು.

"ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಆಂಟಿ?"

"ಯಾರಿಗೂ ಇಲ್ಲ ಕಣಮ್ಮ. ಆದ್ರೆ ನಾಳೆ ನಿನ್ನ ತಿಂಡಿ ನಂಬ್ಕೊಂಡು ರೈತರು ಕೆರೆಕೆರೆಗೆ ಮೀನು ಬಿಡ್ತಾರೆ. ಅಲ್ಲೆಲ್ಲ ಪುರಿ ಹಾಕೋಕೆ ಈ ಮಂಡಿ ಇಟ್ಕೊಂಡು ನಾನು ಹೋಗಕ್ಕಾಗುತ್ತಾ?"

ಸುಧಾಮಣಿ ನಗಲಿಲ್ಲ. ಎದ್ದು ತೊಟ್ಟಿಯೊಳಗೆ ನೋಡಿದಳು.

"ನನ್ನ ತಿಂಡಿಗೆ ಇವು ಬೆಳೀತಾವೋ ಇಲ್ವೋ ನಂಗೇ ಗೊತ್ತಿಲ್ಲ ಈಗ," ಎಂದಳು.

ಮೀನುಗಳು ಇನ್ನೂ ಸರ್ವಮಂಗಳಮ್ಮನತ್ತಲೇ ಬಾಯಿ ಕಳೆದು ನಿಂತಿದ್ದವು.

"ಹೊಸ ಮರಿ ಬರೋಕೆ ಮುಂಚೆ ತೊಟ್ಟಿ ಮೇಲೆ ಬಲೆ ಕಟ್ಬೇಕು, ಹಗ್ಗ ಇದೆಯಾ ಆಂಟಿ?"

"ತರ್ತೀನಿ," ಎಂದು ಸರ್ವಮಂಗಳಮ್ಮ ಮಂಡಿ ಹಿಡಿದುಕೊಂಡು, ತೊಟ್ಟಿಯತ್ತ ಬೆನ್ನು ಮಾಡಿ, ಬಳೆ ಸದ್ದಾಗದಂತೆ ಸೆರಗಿನಲ್ಲಿ ಕೈ ಸುತ್ತಿಕೊಂಡು ಮೆಟ್ಟಿಲಿಳಿದರು.