ಅಪ್ಪನ ಬ್ಯಾಗು, ಸುನ್ನಿವಾಳ ಬೆನ್ನು

ಜುಲೈ ಕೊನೆಯ ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ನನ್ನಪ್ಪನ ಬ್ಯಾಗು ಕೂತಿತ್ತು. ಕಬ್ಬಿಣದ ಚೌಕಟ್ಟು, ಹಸಿರು ಕ್ಯಾನ್ವಾಸು, ತೊಗಲಿನ ಪಟ್ಟಿಗಳು. ಪಟ್ಟಿಗಳಿಗೆ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಲಾಗಿತ್ತು. ಒಳಗೊಂದು ಚೀಟಿ: “ಬೋರ್ಗಿಲ್ಡ್, ಈ ಸಲ ಬರೋಕಾಗಲ್ಲ. ಬೇಜಾರು ಮಾಡ್ಕೋಬೇಡಿ. ಸುನ್ನಿವಾ.”

ಸುನ್ನಿವಾ ನನ್ನ ಸೊಸೆ. ಸೊಸೆಯಾಗಿದ್ದಳು ಎನ್ನಬೇಕು, ಫೆಬ್ರವರಿಯಲ್ಲಿ ಅವಳೂ ನನ್ನ ಮಗ ಎಸ್ಪೆನ್ನೂ ಬೇರೆಯಾದರು. ರಂಪವೇನೂ ಆಗಲಿಲ್ಲ, ಸೋಫಾ ಅವನಿಗೆ, ಊಟದ ಮೇಜು ಇವಳಿಗೆ, ಮುಗಿಯಿತು. ಆದರೆ ಆಗಸ್ಟಿನಲ್ಲಿ ರೊಂಡಾನೆ ಬೆಟ್ಟಗಳಿಗೆ ಹೋಗುವುದಕ್ಕೂ ಅವರ ಮದುವೆಗೂ ಏನು ಸಂಬಂಧ? ಅದು ಹನ್ನೆರಡು ವರ್ಷದಿಂದ ನಮ್ಮಿಬ್ಬರದು. ಮೂರು ದಿನ, ಒಂದು ತಂಗುಮನೆಯಿಂದ ಇನ್ನೊಂದಕ್ಕೆ, ನಾನು ಮುಂದೆ, ನಾನು ಕೊಟ್ಟ ನನ್ನಪ್ಪನ ಬ್ಯಾಗು ಹೊತ್ತು ಅವಳು ಹಿಂದೆ. ನನ್ನ ಮಗನಿಗೆ ನಡೆಯುವುದೆಂದರೆ ಆ ಸೋಫಾದಿಂದ ಫ್ರಿಜ್‌ವರೆಗೆ.

ನಮ್ಮಲ್ಲಿ ಅತ್ತೆಯನ್ನೂ ಹೆಸರು ಹಿಡಿದೇ ಕರೆಯುವುದು. ಸುನ್ನಿವಾ ಮಾತ್ರ ನನ್ನನ್ನು ಕೆಣಕಲೆಂದು “ಅತ್ತೆ” ಅನ್ನುತ್ತಿದ್ದಳು. ಫೆಬ್ರವರಿಯಿಂದ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಈಗ ಬ್ಯಾಗೂ ವಾಪಸು ಬಂತು. ಅವಳು ನನ್ನ ಮಗನನ್ನು ಬಿಟ್ಟದ್ದನ್ನು ಹೇಗೋ ನುಂಗಿಕೊಂಡಿದ್ದೆ. ನನ್ನನ್ನೂ ಬಿಡುತ್ತಾಳೆ ಎಂಬುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ನಾನು ಸುಮ್ಮನೆ ಕೂರುವ ಜನ್ಮವಲ್ಲ. ಹೃದಯದಾಕಾರದ ಐದು ವಾಫಲ್ ಸುಟ್ಟು, ನಡುವೆ ಕಂದು ಚೀಸ್ ಇಟ್ಟು, ಬ್ಯಾಗು ಬೆನ್ನಿಗೇರಿಸಿ ಅವಳ ಬಾಡಿಗೆ ಮನೆಗೆ ನಡೆದೆ. ಬೇಕರಿಯ ಮೇಲಿನ ಎರಡು ಕೋಣೆ. ಶಿಶುವಿಹಾರದ ಅರ್ಧ ಹೊತ್ತಿನ ಕೆಲಸಕ್ಕೆ ಅಷ್ಟೇ ಸಿಗುವುದು.

“ಇದನ್ನ ಯಾಕೆ ಬಿಟ್ಟು ಬಂದೆ?” ಎಂದೆ, ನಮಸ್ಕಾರವನ್ನೂ ಹೇಳದೆ.

“ನಿಮ್ಮ ಮನೇದು ಅಲ್ವಾ? ಎಣ್ಣೆ ಹಚ್ಚಿದೀನಿ.”

“ಎಣ್ಣೆ ಹಾಳಾಗಲಿ. ನನ್ ಜೊತೆ ಬರೋಕೆ ನಿಂಗಿಷ್ಟ ಇಲ್ಲ ಅಂತ ನೇರವಾಗಿ ಹೇಳಿಬಿಡು.”

ಅವಳು ವಾಫಲ್ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಬಲಗೈ ಎತ್ತಿ ಬೆರಳು ಮಡಚಿ ಬಿಚ್ಚಿದಳು. “ಹೋದ ವರ್ಷ ವಾಪಸ್ ಬಂದ್ಮೇಲೆ ಎರಡು ವಾರ ಈ ಬೆರಳು ಜೋಮು ಹಿಡಿದಿದ್ವು. ಮಕ್ಕಳ ಜಾಕೆಟ್ ಗುಂಡಿ ಹಾಕೋಕೂ ಆಗ್ತಿರ್ಲಿಲ್ಲ. ಪಟ್ಟಿ ಹೆಗಲಿನ ನರ ಒತ್ತುತ್ತಂತೆ, ಡಾಕ್ಟರು ಹೇಳಿದ್ರು.”

“ಹೋದ ವರ್ಷ ಮಾತ್ರಾನಾ?”

“ಮೊದಲ ವರ್ಷದಿಂದ ನೋಯುತ್ತೆ.”

“ಹನ್ನೆರಡು ವರ್ಷ! ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೆ?”

“ನೀವೇ ಹೇಳಿಲ್ವಾ, ಬೆಟ್ಟಕ್ಕೆ ಹೊರಟವರು ಮುಖ ಹುಳ್ಳಗೆ ಮಾಡಬಾರದು ಅಂತ? ಅದೂ ನಿಮ್ಮಪ್ಪನ ಬ್ಯಾಗು. ನೀವು ಕೊಟ್ಟಾಗ ನಿಮ್ಮ ಕಣ್ಣಲ್ಲಿ ನೀರಿತ್ತು. ಹೇಗೆ ದೂರಲಿ?”

ಆ ಮಾತನ್ನು ನಮ್ಮೂರಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿಯುತ್ತವೆ. ಮಳೆ ಬರಲಿ, ಬೂಟು ಕಚ್ಚಲಿ, ನಗುತ್ತಾ ನಡೆಯಬೇಕು. ನಾನು ಅದನ್ನು ಪ್ರತಿ ಏರಿನಲ್ಲೂ ತಿರುಗಿ ನೋಡಿ ಅವಳಿಗೆ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು, ಹುಚ್ಚಿ. ನನಗೆ ನಾಚಿಕೆಯಾಯಿತು.

“ಏಳು, ಅಂಗಡಿಗೆ ಹೋಗೋಣ. ನಾನು ಕೊಡಿಸ್ತೀನಿ.”

“ಬೇಡ ಬೋರ್ಗಿಲ್ಡ್.” ಅವಳ ದನಿ ಗಟ್ಟಿಯಾಯಿತು. “ನಂಗೆ ಈಗ ನೀವು ಕೊಡಿಸೋ ಹಾಗಿಲ್ಲ. ನನ್ ಹತ್ರ ಸಾವಿರದ ನಾನೂರು ಕ್ರೋನ್ ಇದೆ. ಅಷ್ಟರಲ್ಲಿ ಸಿಕ್ಕರೆ ಸರಿ, ಇಲ್ಲಾಂದ್ರೆ ಬರಲ್ಲ.”

ನಂಗೆ ಈಗ ನೀವು ಕೊಡಿಸೋ ಹಾಗಿಲ್ಲ. ದಾರಿಯುದ್ದಕ್ಕೂ ಆ ‘ಈಗ’ ನನ್ನ ಕಿವಿಯಲ್ಲಿ ಕುಟುಕುತ್ತಿತ್ತು.

ಸ್ಟೇಷನ್ ಹತ್ತಿರ ಬೆಟ್ಟ ಹತ್ತುವವರ ಸಾಮಾನಿನ ಅಂಗಡಿ, ಅಲ್ಲಿ ಮಾರುವವಳು ಮಾಯ್-ಬ್ರಿಟ್. ಮಾರುವುದಕ್ಕಿಂತ ಬೈಯುವುದೇ ಹೆಚ್ಚು. ಸುನ್ನಿವಾ ಹೆಂಗಸರದು ಎಂದು ಚೀಟಿ ಹಾಕಿದ್ದ ನೇರಳೆ ಬ್ಯಾಗಿಗೆ ಕೈ ಹಾಕಿದ್ದೇ ತಡ, “ಬಣ್ಣ ನೋಡಿ ತಗೊಳ್ಳೋಕೆ ಇದೇನು ಪರದೆ ಬಟ್ಟೇನಾ? ತಿರುಗು” ಎಂದಳು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಟೇಪು ಹಿಡಿದಳು. “ನಲವತ್ತಾರು ಸೆಂಟಿಮೀಟರು. ಕಾಲು ಉದ್ದ, ಬೆನ್ನು ಗಿಡ್ಡ. ಎತ್ತರ ಇದೀನಿ ಅಂತ ಇಷ್ಟು ವರ್ಷ ಗಂಡಸರ ಬ್ಯಾಗು ಹೊತ್ತಿರಬೇಕು.”

ನಾನು ಬೂಟು ನೋಡುತ್ತಿರುವ ಹಾಗೆ ನಟಿಸಿದೆ.

ಹೋದ ವರ್ಷದ ಸಾಸಿವೆ ಬಣ್ಣದ ಬ್ಯಾಗೊಂದು ರಿಯಾಯಿತಿಯಲ್ಲಿತ್ತು, ಸಾವಿರದ ಇನ್ನೂರ ತೊಂಬತ್ತು. ಮಾಯ್-ಬ್ರಿಟ್ ಅದರೊಳಗೆ ಹತ್ತು ಕಿಲೋ ಮರಳು ಚೀಲ ತುಂಬಿದಳು. ಮೊದಲು ಸೊಂಟದ ಪಟ್ಟಿ, ಮೂಳೆಯ ಮೇಲೆ ಸರಿಯಾಗಿ ಕೂರಿಸಿ ಬಿಗಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯದು. “ಈಗ ಮೆಟ್ಟಿಲು ಹತ್ತಿ ಇಳಿ.”

ಸುನ್ನಿವಾ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಹೆಗಲಿನ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. “ಭಾರ ಎಲ್ಲಿ ಹೋಯ್ತು?” ಎಂದು ಅಲ್ಲೇ ನಿಂತು ನಕ್ಕಳು. ಹನ್ನೆರಡು ವರ್ಷದಲ್ಲಿ ಅವಳ ಈ ನಗು ನಾನು ಬೆಟ್ಟದಲ್ಲಿ ನೋಡಿರಲಿಲ್ಲ.

“ಈಗ ನೀವು ತಿರುಗಿ ಅಜ್ಜಿ” ಎಂದಳು ಮಾಯ್-ಬ್ರಿಟ್. ಬೇಡವೆಂದರೂ ಅಳೆದಳು. “ನಲವತ್ತೊಂದು! ನೀವು ಯಾರದು ಹೊರ್ತೀರಿ?”

“ನಮ್ಮ ಯಜಮಾನರದು” ಎಂದೆ. “ಅವರು ತೀರಿಕೊಂಡು ಒಂಬತ್ತು ವರ್ಷ.”

“ನಿಮ್ಮಿಬ್ಬರ ಬೆನ್ನೂ ಗಟ್ಟಿ, ತಲೆ ಇನ್ನೂ ಗಟ್ಟಿ. ನೀವೂ ಒಂದು ತಗೊಳ್ಳಿ.”

“ನಂಗ್ಯಾಕೆ? ಅರವತ್ತೆಂಟು ಆಯ್ತು. ಇನ್ನೆಷ್ಟು ವರ್ಷ ಹತ್ತಬೇಕು?” ನಗಲೆಂದೇ ಹೇಳಿದ್ದು, ದನಿ ಮಾತ್ರ ಕೈಕೊಟ್ಟಿತು. ಹತ್ತುವುದಾದರೂ ಯಾರ ಜೊತೆ ಎಂಬುದು ಬಾಯಿಗೆ ಬಂದು ನಿಂತಿತ್ತು.

ಸುನ್ನಿವಾ ನನ್ನನ್ನೇ ನೋಡಿದಳು. ಸಾಸಿವೆ ಬಣ್ಣದ್ದನ್ನು ಬಿಚ್ಚಿ ಕೆಳಗಿಟ್ಟು, ಬೂದು ಬಣ್ಣದ ಇನ್ನೊಂದನ್ನು ಎಳೆದು ತಂದಳು. ಬೆನ್ನಿನ ಉದ್ದವನ್ನು ಏರಿಸಿ ಇಳಿಸಬಹುದಾದ ಬ್ಯಾಗು. ಸಾವಿರದ ಐನೂರ ತೊಂಬತ್ತು.

“ಅದು ಕೈಗವಸಿನ ಹಾಗೆ ಕೂತಿತ್ತಲ್ಲೇ! ಇದಕ್ಕೆ ದುಡ್ಡೂ ಜಾಸ್ತಿ, ತೂಕವೂ ಜಾಸ್ತಿ” ಎಂದೆ.

ಅವಳು ಹಿಂದಿನ ಪಟ್ಟಿ ಬಿಚ್ಚಿ, ನಲವತ್ತೊಂದಕ್ಕೆ ಇಳಿಸಿ, ಆ ಮರಳು ಚೀಲವನ್ನು ಇದಕ್ಕೆ ತುಂಬಿ, ನನ್ನ ಬೆನ್ನಿಗೆ ಹಾಕಿದಳು. ಸೊಂಟದ ಪಟ್ಟಿ ಬಿಗಿದಳು. ಎಸ್ಪೆನ್ ಮಗುವಾಗಿದ್ದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಜಾಗದಲ್ಲೇ ಭಾರ ಬಂದು ಕೂತಿತು. ಹೆಗಲು ಹಗುರಾಯಿತು.

“ಸರಿಯಾಗಿದೆಯಾ?”

“ಸರಿಯಾಗಿದೆ.”

“ಹಾಗಾದ್ರೆ ಕೇಳಿ. ಇನ್ಮೇಲೆ ಇಬ್ಬರಿಗೂ ಇದೊಂದೇ ಬ್ಯಾಗು. ಹತ್ತುವಾಗ ಇದು ನಂಗೆ, ಇಳಿಯುವಾಗ ನಿಮಗೆ. ಮುಂದಿನ ವರ್ಷ ಅದಲು ಬದಲು. ನಿಮಗೆ ಎಂಬತ್ತಾಗಿ ಮಂಡಿ ಹಟ ಹಿಡಿದ ಮೇಲೆ ಪೂರ್ತಿ ನಾನೇ ಹೊರ್ತೀನಿ, ನೀವು ಚಾಕಲೇಟ್ ಹೊತ್ಕೊಳ್ಳಿ. ನನ್ ಹತ್ರ ಇರೋದು ಸಾವಿರದ ನಾನೂರೇ. ಉಳಿದ ನೂರ ತೊಂಬತ್ತು ನಿಮ್ಮ ಪಾಲು. ತೆಗೀರಿ ಅತ್ತೆ.”

ನಾನು ಪರ್ಸಿಗಾಗಿ ತಡಕಾಡಿದೆ. ಕೈಯಲ್ಲೇ ಇತ್ತು.

“ಏನು ಅತ್ತೆ, ಬೆಟ್ಟಕ್ಕೆ ಹೊರಡೋ ಮೊದಲೇ ಮುಖ ಹುಳ್ಳಗೆ?”

“ಹುಳಿಯಲ್ಲ ಕಣೇ, ಅಳು ಬರ್ತಿದೆ” ಎಂದೆ. “ಸುಮ್ನಿರು, ಬಂದು ಹೋಗಲಿ.”